ಹವಾಲ್ದಾರರ ಒಂದೇ ಏಟು

ಯುದ್ಧ ಮುಗಿದ ಮೇಲೆ ಅರಮನೆಯವರು ಕೊಟ್ಟ ಕಾಡು ಕಡಿದು ಮನೆ ಕಟ್ಟಿದ ಹವಾಲ್ದಾರರು ಕತ್ತಿಯನ್ನೇನೋ ಗೋಡೆಗೆ ನೇತುಹಾಕಿದ್ದರು; ನಲವತ್ತು ವರ್ಷವಾದರೂ ಬಾಯಿ ಮಾತ್ರ ರಣರಂಗದಲ್ಲೇ ಇತ್ತು. ಆ ಬಾಯಿಯಿಂದಲೇ ಮೊಮ್ಮಗಳಿಗೆ ಬಂದ ಎರಡು ಸಂಬಂಧ ತಪ್ಪಿಹೋಗಿದ್ದವು.

“ಇವತ್ತೊಂದಿನ ಸುಮ್ನಿದ್ಬಿಡಿ,” ಎಂದು ಹೆಂಡತಿ ಬೆಳಿಗ್ಗೆಯೇ ಕೈಮುಗಿದಿದ್ದಳು.

ಹೊಳೆಯಾಚೆಯಿಂದ ಬಂದ ಹುಡುಗನ ತಾತ ತಾಂಬೂಲದ ತಟ್ಟೆಯನ್ನು ಇನ್ನೂ ಮುಟ್ಟಿರಲಿಲ್ಲ. ಮುಟ್ಟಿದರೆ ಒಪ್ಪಿದಂತೆ. ಅಷ್ಟರಲ್ಲಿ ಅವರ ಕಣ್ಣು ಕತ್ತಿಯ ಮೇಲೆ ಬಿತ್ತು. ಹವಾಲ್ದಾರರಿಗೆ ಅಷ್ಟೇ ಸಾಕಾಯಿತು.

“ಹೊಳೆ ಕಾಳಗದ್ದು ಅದು. ಆಚೆ ದಂಡಿನ ಬಾವುಟದವನು ಬಿಳಿ ಕುದುರೆ ಮೇಲೆ ನುಗ್ಗಿ ಬಂದ. ಒಂದೇ ಏಟು, ತಲೆ ನೀರಿಗೆ!”

ಬಾಗಿಲ ಮರೆಯಲ್ಲಿ ಹೆಂಡತಿ ಬಳೆ ಸದ್ದು ಮಾಡಿದಳು. ಯಾರು ಕೇಳಬೇಕು?

“ಯಾವ ಕಡೆ ಬೀಸಿದ್ರಿ, ಹವಾಲ್ದಾರ್ರೇ?” ಎಂದರು ಬಂದವರು.

“ಅವನ ಎಡಗಡೆಗೆ. ತಲೆ ತೇಲ್ಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದೀನಿ!”

ಬಂದವರು ನಿಧಾನವಾಗಿ ರುಮಾಲು ಬಿಚ್ಚಿದರು. ಎಡಗಿವಿ ಇರಬೇಕಾದಲ್ಲಿ ಹಳೆಯ ಗಾಯದ ಕಲೆಯಷ್ಟೇ ಇತ್ತು.

“ತೇಲ್ಕೊಂಡು ಹೋಗಿದ್ದು ಕಿವಿ ಮಾತ್ರ, ಬೀಗ್ರೇ,” ಎಂದು ಅವರು ತಾಂಬೂಲ ಎತ್ತಿಕೊಂಡರು.