ಸುರುಳಿ ಹಗ್ಗ

ನೀರಿನ ಮೇಲೆ ನಿಂತೇ ಹುಟ್ಟು ಹಾಕುವ ಬೋರ್ಡನ್ನು ಕಾಲಿಗೆ ಬಿಗಿಯುವ ಎರಡು ಬಗೆಯ ಹಗ್ಗಗಳನ್ನು, ಒಂದು ನೇರದ್ದು, ಒಂದು ಸುರುಳಿಯದ್ದು, ವಲೇರಿಯನ್ ಆ ಹೆಂಗಸಿನ ಮುಂದಿಟ್ಟ. ಕಡಲದಂಡೆಯ ಅವನ ಅಂಗಡಿಯಲ್ಲಿ ಬೆಳಗಿನಿಂದ ಅವಳೇ ಮೊದಲ ಗಿರಾಕಿ.

"ಹೊಳೆಗಾ ಅಕ್ಕ, ಅಲೆಗಾ?"

"ಅಲೆಗೆ."

"ಹಾಗಾದ್ರೆ ಈ ನೇರದ್ದೇ ಬೇಕು. ಸುರುಳಿಯದ್ದು ಹೊಳೆಗೆ ಮಾತ್ರ."

"ಅಲೆಗೆ ಕಟ್ಟಿದ್ರೆ?"

"ಬಿದ್ದಾಗ ಸ್ಪ್ರಿಂಗಿನ ಹಾಗೆ ಬೋರ್ಡನ್ನು ವಾಪಸ್ ಎಳೀತದೆ. ಅದು ಬಂದು ತಲೆಗೇ ಬಡಿಯೂದು. ಗೊತ್ತಿದ್ದವರು ಯಾರೂ ತಕ್ಕೊಳ್ಳೂದಿಲ್ಲ."

ಹೊಸಬರಿಗೆ ಹೀಗೆ ಬಿಡಿಸಿ ಹೇಳುವುದೆಂದರೆ ಅವನಿಗೆ ಖುಷಿ. ಅವಳು ಸುರುಳಿಯನ್ನು ಎಳೆದು ಬಿಟ್ಟಳು. ಅದು ಚಟ್ಟನೆ ಮುದುಡಿಕೊಂಡಿತು.

"ಪೋಸ್ಟ್‌ಮಾರ್ಟಂನಲ್ಲೂ ತಲೆಗೆ ಪೆಟ್ಟು ಅಂತಲೇ ಉಂಟು," ಎಂದಳು. "ಮಗ ನೇರದ್ದನ್ನೇ ಕೇಳಿದ್ದ. ಅದು ಉದ್ದ, ಕಾಲಿಗೆ ಸುತ್ತಿಕೊಂಡೀತು ಅಂತ ನಾನೇ ಹಠ ಹಿಡಿದು ಸುರುಳಿಯದ್ದು ಕೊಡಿಸಿದ್ದು."