ನಾಲ್ಕೇ ಸಲ ಬರುವ ಪದ

ಗಂಡನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ತಿಂಡಿಯ ತಟ್ಟೆ ಇಡಲು ಮೇಜಿನ ಮೇಲೆ ಜಾಗವಿರಲಿಲ್ಲ. ಅವನು ಬೈಬಲ್ ಕಲಿಸುವ ಸೆಮಿನರಿಯಿಂದ ಎರವಲು ತಂದಿದ್ದ ದಪ್ಪ ಹೀಬ್ರೂ ನಿಘಂಟು ಇನ್ನೂ ಅಲ್ಲೇ ಕೂತಿತ್ತು. ಎರಡು ತಿಂಗಳ ಹಿಂದೆ ಎದೆನೋವೆಂದು ಡಾಕ್ಟರ ಬಳಿ ಹೋದವನು, ಬರುವಾಗ ಸೆಮಿನರಿಗೂ ಹೋಗಿ ಅದನ್ನು ಹಿಡಿದುಕೊಂಡೇ ಮನೆಗೆ ಬಂದಿದ್ದ. "ಬರೇ ಗ್ಯಾಸ್ ಅಂದ್ರು" ಎಂದು ಕೂತವನು, ಆಮೇಲೆ ನನ್ನ ಮುಖಕ್ಕಿಂತ ಹೆಚ್ಚಾಗಿ ಅದನ್ನೇ ನೋಡಿದ.

ನಿಘಂಟನ್ನು ಚೀಲಕ್ಕೆ ತುರುಕಿಕೊಂಡು ಸೆಮಿನರಿಯ ಗ್ರಂಥಾಲಯಕ್ಕೆ ಹೋದೆ. ಅವನಿಗೆ ಹೀಬ್ರೂ ಕಲಿಸಿದ ಗುರುಗಳು ಅಲ್ಲೇ ಇದ್ದರು. ಪುಸ್ತಕ ಒಪ್ಪಿಸಿ, ಅದರೊಳಗಿದ್ದ ಚೀಟಿಯನ್ನು ಅವರ ಮುಂದಿಟ್ಟೆ. ಅವನ ಅಕ್ಷರದಲ್ಲಿ ಒಂದೇ ಪದವಿತ್ತು: ಅಲ್ಮನೂತ್.

"ಇದರ ಅರ್ಥ ಏನ್ರಿ ಸರ್?"

"ಭಾಳ ಅಪರೂಪದ್ದು, ತಂಗಿ. ಇಡೀ ಹಳೇ ಒಡಂಬಡಿಕೆಯೊಳಗ ನಾಕೇ ಸರ್ತಿ ಬರ್ತದ."

"ಅರ್ಥ ಹೇಳ್ರಿ."

"ಮೂಲ ಪಕ್ಕಾ ಗೊತ್ತಿಲ್ಲ. ಮೂಕ ಅನ್ನೋ ಶಬ್ದದ ಕೂಡ ನಂಟದ ಅಂತಾರ ಕೆಲವರು. ಅವ ಅದನ್ನ ಒಪ್ಪತಿರಲಿಲ್ಲ. 'ನನ್ನಾಕಿ ಬಾಯಿ ಮುಚ್ಚಾಕಿ ಅಲ್ರಿ ಸರ್' ಅಂತ ನಗತಿದ್ದ."

"ನಾ ಮೂಲ ಕೇಳಲಿಲ್ರಿ! ಎರಡು ತಿಂಗಳು ನನ್ನ ಗಂಡನ್ನ ನನ್ನಿಂದ ಕಸಕೊಂಡದ ಈ ಶಬ್ದ. ಏನದು?"

ಅವರು ಕನ್ನಡಕ ತೆಗೆದು, ಚೀಟಿಯನ್ನು ಮಡಚಿ ನನ್ನ ಕೈಗಿಟ್ಟರು.

"ವೈಧವ್ಯ."