ಮೂಲೆ ಸೈಟು

“ಈ ಜಾಗಾನ ಯಾರೂ ತುಳೀದಂಗೆ ನೋಡ್ಕೋತೀನಿ, ಏಳಮ್ಮಿ” ಎಂದು ಕೆಂಪಯ್ಯ ಹೆಂಡತಿಗೆ ಮಾತು ಕೊಟ್ಟದ್ದು, ಎರಡು ವರ್ಷದ ಮಗ ಬಸವರಾಜುವನ್ನು ಯಾದವಗಿರಿಯಾಚೆಯ ತಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ ದಿನ. ಆ ಮಾತು ಸಿಕ್ಕ ಮೇಲೆಯೇ ದೇವಿರಮ್ಮ ಅಲ್ಲಿಂದ ಎದ್ದದ್ದು. ಅವನು ಸುತ್ತ ಮುಳ್ಳುಬೇಲಿ ಹಾಕಿದ. ವರ್ಷ ವರ್ಷವೂ ಉಳುವಾಗ ನೇಗಿಲನ್ನು ಬೇಲಿಯ ಆಚೆಯಿಂದಲೇ ಬಳಸಿ ತಿರುಗಿಸಿದ.

ಬರಬರುತ್ತ ಊರೇ ಹೊಲದ ತನಕ ಬಂತು. ಹೊಲ ಬಡಾವಣೆಯಾಗುವುದೆಂದಾಯಿತು. ಜಮೀನು ಕೆಂಪಯ್ಯನದು, ಕಚೇರಿಗಳ ಓಡಾಟ ಲಕ್ಷ್ಮೀಪುರಂನ ಗೋವಿಂದರಾಜುವಿನದು, ದುಡ್ಡು ಒಬ್ಬ ಸಾಹುಕಾರರದು. ಸೈಟು ಮಾರಿದ ಹಾಗೆಲ್ಲ ಮೂವರಿಗೂ ಪಾಲು. ರಸ್ತೆ, ಚರಂಡಿಯ ಖರ್ಚಿಗೆ ಹಣದ ಕಂತು ಬಿಡುವ ಮೊದಲು ಸಾಹುಕಾರರು ಆಳನ್ನು ಕಳಿಸಿ ಸೈಟಿನ ಕಲ್ಲುಗಳನ್ನು ನೋಡಿಸಿದರು. ಒಂದು ಸೈಟು ಕಡಿಮೆ ಬಂತು. ಬೇಲಿ ಇದ್ದ ಕಡೆ ಕಲ್ಲು ನೆಡಲು ಕೆಂಪಯ್ಯ ಬಿಟ್ಟಿರಲಿಲ್ಲ.

“ಏನು ಕೆಂಪಯ್ಯನವರೇ, ಇನ್ನೇನು ಕಾರಲ್ಲಿ ಓಡಾಡೋ ಹೊತ್ತಲ್ಲಿ ಗಾಡಿ ತಡೀತೀರಲ್ಲ” ಎಂದು ನಗುತ್ತಲೇ ಗೋವಿಂದರಾಜು ಕೆಂಪಯ್ಯನ ಮನೆ ಜಗಲಿಯ ಮೇಲೆ ಕೂತ.

“ಆ ಸೈಟು ನನ್ನ ಪಾಲಲ್ಲೇ ಮುರ್ಕೊಳ್ಳಿ ಸ್ವಾಮಿ. ಬುಟ್ಬುಡಿ ಅದೊಂದ.”

“ನನ್ನದೇನು ಹೋಗುತ್ತೆ, ಬಿಡ್ತಿದ್ದೆ. ಸಾಹುಕಾರರು ದುಡ್ಡು ಹಾಕಿರೋದು ಸೈಟಿನ ಲೆಕ್ಕದ ಮೇಲೆ. ಒಂದು ತಪ್ಪಿದರೂ ಕಂತು ನಿಲ್ಲಿಸ್ತಾರೆ. ರಸ್ತೆ ಇಲ್ಲದ ಸೈಟು ಯಾರು ಕೊಳ್ತಾರೆ? ನಿಮ್ಮ ಜಮೀನಿನ ಪತ್ರ ಅವರ ಹತ್ರ ಒತ್ತೆ ಇದೆ, ಮರೀಬೇಡಿ.” ಅವನ ನಗು ನಿಂತಿತ್ತು. “ಮಗೂನ ಬೇರೆ ಕಡೆಗೆ...”

“ಮಣ್ಣಿಗೆ ಇಟ್ಟೋರ್ನ ಎಬ್ಬಿಸ್ಬಾರ್ದು” ಎಂದಳು ಬಾಗಿಲಲ್ಲಿ ನಿಂತಿದ್ದ ದೇವಿರಮ್ಮ. “ನಿಮ್ಮ ಕಡೆ ಎಬ್ಬಿಸ್ತಾರೇನೋ.”

ಗೋವಿಂದರಾಜು ತಲೆ ತಗ್ಗಿಸಿದ. “ಹಾಗಾದರೆ ಎರಡೇ ದಾರಿ ಕಣಮ್ಮ” ಎಂದ. “ಮೂಲೆ ಸೈಟು ಕೊಂಡವರು ಅಲ್ಲಿ ಮನೆ ಕಟ್ತಾರೆ. ಇಲ್ಲಾ, ಪ್ಲಾನು ಸ್ವಲ್ಪ ತಿರುಗಿಸಿ ರಸ್ತೇನೇ ಆ ಮೂಲೆ ಮೇಲೆ ತರಬೇಕು. ರಸ್ತೆ ಬಿಟ್ಟ ಜಾಗದಲ್ಲಿ ಇನ್ನೊಂದು ಸೈಟು ಬಂದು ಲೆಕ್ಕವೂ ಸರಿಹೋಗುತ್ತೆ. ನಾಳೆ ಹೇಳಿ.”

ಅವನು ಹೋದ ಮೇಲೆ ದೇವಿರಮ್ಮ ಕೇಳಿದಳು. “ಮನೆ ಆದ್ರೆ ಪಾಯ ಎಷ್ಟು ಆಳ ತೋಡ್ತಾರೆ?”

“ಎದೆಮಟ್ಟ ತೋಡ್ತಾರೆ.”

“ನಮ್ದು ಎಷ್ಟು ಆಳ ಐತೆ?”

ಗುಣಿ ತೋಡಿದವನು ಕೆಂಪಯ್ಯನೇ. ಗಟ್ಟಿ ನೆಲ, ಬೇಗ ಮುಗಿದರೆ ಸಾಕೆನ್ನಿಸಿತ್ತು. ಅವನು ತೊಡೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದ.

“ರಸ್ತೇನೇ ಆಗ್ಲಿ” ಎಂದಳು.

“ತುಳೀತಾರೆ ಕಣಮ್ಮಿ.”

“ತುಳೀಲಿ. ಅಗೀಬಾರ್ದು.”

ರೋಲರ್ ಬಂದ ದಿನ ಇಬ್ಬರೂ ಹೋದರು. ಬೇಲಿ ಕಿತ್ತು, ಜಲ್ಲಿ ಹರಡಿ, ನೀರು ಹೊಡೆದಿದ್ದರು. ಜಾಗ ಎಲ್ಲಿ ಎಂಬುದು ಕೆಂಪಯ್ಯನಿಗೇ ಒಂದು ಗಳಿಗೆ ಗುರುತು ಸಿಗಲಿಲ್ಲ. ದೇವಿರಮ್ಮನಿಗೆ ಸಿಕ್ಕಿತು. ನೇರ ಹೋಗಿ ರೋಲರಿನ ಎದುರು ನಿಂತಳು. ಡ್ರೈವರ್ ನಿಲ್ಲಿಸಿದ.

“ವಸಿ ಮೆಲ್ಲಗೆ ಬುಡಪ್ಪ.”

“ಇದಕ್ಕಿಂತ ಮೆಲ್ಲಗೆ ಇದು ಹೋಗಲ್ಲ ಕಣವ್ವ” ಎಂದು ಅವನು ನಕ್ಕ. “ಬಸುರಿ ಎಮ್ಮೆನೂ ನಮ್ನ ದಾಟ್ಕೊಂಡು ಹೋಯ್ತದೆ.”

ದೇವಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ರೋಲರ್ ಆ ಜಾಗದ ಮೇಲೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಅದರ ಹಿಂದೆಯೇ ಕೂಲಿಯವರು ಮಣ್ಣಿನ ಬುಟ್ಟಿ ಹೊತ್ತು ನಡೆದು ಬಂದರು.

ಕೆಂಪಯ್ಯ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.